ಕೆಂಪು ಶಾಯಿಯ ಹೆಸರು

ಅರವತ್ತೊಂದರ ಮಾಗಿ. ಯಲವಿಗಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದೆ. ಮಗಳು ತೊಡೆಯ ಮೇಲೆ ನಿದ್ದೆಹೋಗಿದ್ದಳು. ಬೆಂಚಿನ ಆ ತುದಿಗೆ ಸವಣೂರಿನ ಹತ್ತಿ ವ್ಯಾಪಾರಿ ನೀಲಪ್ಪ, ಅವರ ತಾಯಿ ಅನ್ನವ್ವ, ಇಂಗ್ಲಿಷ್ ಕಾಗದ ಬರೆಯುವ ಗುಮಾಸ್ತ ಮಜೀದ ಕುಳಿತಿದ್ದರು.

“ನಮ್ಮ ಹತ್ತಿ ಕೊಳ್ಳೂ ಜಪಾನಿನವರಿಗೆ ಅವ್ವನ ಹೆಸರು ಕೆಂಪು ಶಾಯೀಲೆ ಯಾಕ ಬರದಿ, ಮಜೀದ?”

“ಅಂಗಡಿ ಅವ್ವಾರ ಹೆಸರಿನ್ಯಾಗ ಐತಲ್ರಿ ಸಾವಕಾರ್ರ. ದೀಪಾವಳಿ ಕಾಗದ, ಕುಂಕುಮದ ಬಣ್ಣ ಇರಲಿ ಅಂತ ನೀವ ಹೇಳಿದ್ರಿ.”

“ಅವರಲ್ಲಿ ಕೆಂಪೀಲೆ ಹೆಸರು ಬರದ್ರ ಸಾವು ಅಂತ ತಿಳೀತಾರಂತ. ಈಗ ನೋಡು, ‘ಮಾತೋಶ್ರೀಯವರು ತೀರಿಕೊಂಡದ್ದಕ್ಕ ದುಃಖ ಆತು, ಅವರ ಹೆಸರೀಲೆ ದಿನಾ ಊದಿನಕಡ್ಡಿ ಹಚ್ಚತೇವಿ’ ಅಂತ ಬರದಾರ.”

“ತಪ್ಪು ನಮ್ಮದು, ಅವ್ವಾರು ಬದುಕ್ಯಾರ ಅಂತ ಬರೀತೇನ್ರಿ.”

“ಅಷ್ಟು ದೊಡ್ಡ ಮಂದಿ ಅತ್ತದ್ದು ಸುಳ್ಳು ಅಂದಂಗ ಆಗೂದಿಲ್ಲೇನು? ಮುಂದ ನಮ್ಮ ಹತ್ತಿ ಮೂಸಿನೂ ನೋಡೂದಿಲ್ಲ.”

“ಹಂಗಾರ ಉಪಕಾರ ಆತು ಅಂತ ಬರೀಲೇನ್ರಿ?”

“ಥೂ! ಹಡದವ್ವ ಇಲ್ಲೇ ಕುಂತಾಳ. ಸತ್ತಳು ಅಂತ ಸಹಿ ಹಾಕಲೇನು?”

ಅನ್ನವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

“ಯಾಕವ್ವ, ನೆಗಡಿ ಆಗೈತೇನು?”

“ಆ ಕಾಗದ ಬರೂಕಿಂತ ಮದಲಿಂದನೂ ಊದಿನಕಡ್ಡಿ ವಾಸನಿ ಬರಾಕತ್ತೈತಪ್ಪ. ಯಾರು ಹಚ್ಚತಾರಂತ ತಿಳೀದ, ಸೊಸಿನ್ನ ಸುಮ್ಮನ ಬೈದೆ.”

ಗಾಡಿ ಬಂತು. ನೀಲಪ್ಪ ತಾಯಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

“ಏನಂತ ಬರೀಲವ್ವಾರ?” ಮಜೀದ ಮೆಲ್ಲಗೆ ಕೇಳಿದ.

“ಸತ್ತೇನಿ ಅಂತನೂ ಬ್ಯಾಡ, ಬದುಕೇನಿ ಅಂತನೂ ಬ್ಯಾಡ,” ಎನ್ನುತ್ತ ಅನ್ನವ್ವ ಡಬ್ಬಿ ಹತ್ತಿದರು. “ಊದಿನಕಡ್ಡಿ ಸಾಕು ಮಾಡ್ರಿ ಅಂತ ಕೈಮುಗದು ಬರಿಯಪ್ಪಾ. ರಾತ್ರಿ ಉಸಿರು ಹಿಡೀತೈತಿ.”