ಕಂಕುಳ ಅಳತೆ ತಿದ್ದಿದವಳು

ಹಲೋ... ಯಾರು ಮಾತಾಡ್ತಿರೋದು?... ಓ, ನೀನೇನೋ! ಆಫೀಸ್ ನಂಬರಿಂದ ಮಾಡಿದ್ರೆ ಅಕ್ಕನಿಗೆ ಹೇಗೋ ಗೊತ್ತಾಗ್ಬೇಕು?

...ಹಾಂ, ಅಂಗಡಿಲೇ ಇದ್ದೀನಿ. ಬಟ್ಟೆ ಎಲ್ಲಾ ಪಕ್ಕಕ್ಕೆ ಸರಿಸಿ, ಕತ್ತರಿಸೋ ಮೇಜಿನ ಮೇಲೇ ಕಂಪ್ಯೂಟರ್ ಇಟ್ಕೊಂಡಿದೀನಿ.

...ಇಲ್ಲ. ಬೇಡ. ಆ ತಿದ್ದುಪಡಿ ನೀನು ಕಳಿಸ್ಬೇಡ! ಎಷ್ಟು ಸಲ ಹೇಳ್ಲಿ?... ನಿನಗೆ ಐದು ನಿಮಿಷದ ಕೆಲಸ, ಒಪ್ಪಿದೆ. ನನಗೆ ಐದು ದಿನ ಹಿಡೀತು. ಹಿಡೀಲಿ!

...ತಪ್ಪು ಕಂಡುಹಿಡಿದಿದ್ದು ಯಾರು? ಅಳತೆ ಕೊಟ್ರೆ ಅಂಗಿ ನಕ್ಷೆ ಬರೆದುಕೊಡೋ ಆ ಪ್ರೋಗ್ರಾಂ, ದಪ್ಪ ಮೈಯವರಿಗೆ ಕಂಕುಳು ಬಿಗಿ ಮಾಡುತ್ತೆ ಅಂತ ನಿನಗೆ ಗೊತ್ತಿತ್ತಾ? ಟೀಚರಮ್ಮನ ಅಂಗಿ ಮೂರು ಸಲ ಬಿಚ್ಚಿ ಹೊಲಿದವಳು ನಾನು. ಓಪನ್ ಸೋರ್ಸು, ಯಾರು ಬೇಕಾದ್ರೂ ಒಳಗೆ ನೋಡಿ ತಿದ್ದಬಹುದು ಅಂತ ನೀನೇ ಹೇಳಿದ್ದಲ್ವಾ? ಯಾರು ಬೇಕಾದ್ರೂ ಅಂದ್ರೆ ನಿನ್ನ ಅಕ್ಕನೂ ಸೇರಿ ಕಣೋ!

...ನಗು, ನಗು. ಹೌದು, ಪಾಸ್‌ವರ್ಡ್ ಒತ್ತಿದ್ರೆ ಏನೂ ಕಾಣಿಸ್ಲಿಲ್ಲ, ಒಂದು ಚುಕ್ಕೀನೂ ಇಲ್ಲ. ಕೀಬೋರ್ಡ್ ಸತ್ತೋಯ್ತು ಅಂತ ಪಕ್ಕದ ಔಷಧಿ ಅಂಗಡಿಯಿಂದ ಇನ್ನೊಂದು ಕೇಳಿ ತಂದೆ. ಅದೂ ಹಾಗೇ! ಕಾಣದ ಹಾಗೆ ಬರೆಸ್ಕೊಳ್ಳೋದೇ ಅದರ ಪದ್ಧತಿ ಅಂತ ನನಗೇನು ಕನಸು ಬಿದ್ದಿತ್ತಾ?... ಏನಂದೆ? ಕುಣಿಯೋಕೆ ಬಾರದವಳಿಗೆ ನೆಲ ಡೊಂಕಾ? ಬಾ ಇಲ್ಲಿ, ಒಂದು ಗುಂಡಿ ನೆಟ್ಟಗೆ ಹೊಲಿದು ತೋರ್ಸು ನೋಡೋಣ!

...ಎಲ್ಲಾ ಮುಗೀತು ಅಂತಿದೀನಲ್ಲ. ಪ್ರೋಗ್ರಾಂ ಮಾಡಿದವರ ಪುಟದಲ್ಲಿ ಬರೆದ ಹಾಗೇ ಒಂದೊಂದೇ ಸಾಲು ಹಾಕ್ದೆ. ಕಂಕುಳ ಅಂಕಿ ತಿದ್ದಿ, ಪ್ರೋಗ್ರಾಂ ಓಡಿಸಿ, ಬಂದ ನಕ್ಷೆಗೆ ಹಳೇ ಬೆಡ್‌ಶೀಟ್ ಕತ್ತರಿಸಿ ಹೊಲಿದೂ ನೋಡ್ದೆ. ಟೀಚರಮ್ಮ ಎರಡೂ ಕೈ ಮೇಲೆತ್ತಿ, ಈಗ ಆರಾಮ ಅಂದ್ರು.

...ಅದರ ಜೊತೆ ನಾನು ಬರೆದ ಇಂಗ್ಲಿಷಾ? ತಪ್ಪಿರುತ್ತೆ, ಇರ್ಲಿ. ತೋಳಲ್ಲಿ ತಪ್ಪಿಲ್ಲ.

...ಯಾರ ಹೆಸರಾದ್ರೇನು ಅಂತೀಯಾ? ಅಂಗಡಿ ಬೋರ್ಡಲ್ಲಿ ಅಪ್ಪನ ಹೆಸರು. ಬಟ್ಟೆ ಹಾಕಿಕೊಡೋ ಚೀಲದ ಮೇಲೆ ನಿನ್ನ ಭಾವನ ಹೆಸರು. ಮೂವತ್ತು ವರ್ಷ ಹೊಲಿದವಳು ನಾನು! ಹೊಟ್ಟೆ ಉರಿಯುತ್ತೆ ಕಣೋ. ಇದೊಂದಾದ್ರೂ ನನ್ನ ಹೆಸರಲ್ಲೇ ಹೋಗ್ಬೇಕು. ಅವರು ಬೇಡ ಅನ್ನೋದಾದ್ರೆ ನನಗೇ ಬೇಡ ಅನ್ಲಿ.

...ತಡಿ. ತಡಿಯೋ, ಒತ್ತಿದೆ... ಹೋಯ್ತು! ಅಯ್ಯೋ, ಹೋಯ್ತು ಕಣೋ!... ಹಾಂ, ಕಳಿಸಿದವರು ಅಂತ ಕೆಳಗೇ ನನ್ನ ಹೆಸರು ತೋರಿಸ್ತಿದೆ. ಓದ್ತೀನಿ ಕೇಳು...

ಹಲೋ?... ಹಲೋ?... ಥೂ, ಕಟ್ ಆಯ್ತು. ಆಗ್ಲಿ ಬಿಡು. ನಾನೇ ಓದ್ಕೋತೀನಿ.