ಬೈರನ ಅಂಗೈ

ನಮ್ಮ ಪಕ್ಕದ ಮನೆಯ ಶಂಭುಲಿಂಗ ಮೇಸ್ತ್ರಿಗೆ ಆದದ್ದು ಇದು. ಹೋದ ವರ್ಷ, ಬನವಾಸಿ ಕಡೆಯ ಹಳ್ಳದ ಸೇತುವೆ ಮುಗಿದ ವಾರ. ಬೈಕು ಕೈಕೊಟ್ಟಿತ್ತು. ರಾತ್ರಿ ಹತ್ತರ ಮೇಲೆ ಆಲದಮರ ದಾಟಿ ನಡೆದೇ ಬರುತ್ತಿದ್ದ...

ಹಳೇ ಸೇತುವೆ ಬ್ರಿಟಿಷರ ಕಾಲದ ಕಲ್ಲುಕಮಾನು. ಲಾರಿಗಳ ಭಾರ ತಾಳುತ್ತಿರಲಿಲ್ಲ. ಅದನ್ನು ಬಿಚ್ಚಿ, ಕಲ್ಲುಗಳಿಗೆ ನಂಬರು ಬರೆದು, ಹೊಸ ಸೇತುವೆಯ ಮೈಗೆ ಮೊದಲಿನಂತೆಯೇ ಜೋಡಿಸಬೇಕೆಂದು ಮೇಲಿನವರ ಹುಕುಂ; ಕೆಲಸ ಹಿಡಿದವನು ನಮ್ಮ ಮೇಸ್ತ್ರಿ. ತಡೆಗೋಡೆಯ ನಡುಗಲ್ಲಿನಲ್ಲಿ ಒಂದು ಅಂಗೈ ಅಚ್ಚು ಕಡೆದಿತ್ತು. ಕಟ್ಟುವಾಗ ಅದೇ ಕಲ್ಲಿನಡಿ ಸಿಕ್ಕು ಸತ್ತ ಕಲ್ಲುಕುಟಿಗ ಬೈರನದು. ದಾಟುವವರೆಲ್ಲ ಅದರಲ್ಲಿ ಕೈಯಿಟ್ಟು, ಬರ್ತೀವಿ ಬೈರಾ ಎಂದೇ ಮುಂದೆ ಹೋಗುವುದು.

ಬೈರನ ಮರಿಮಗಳು ಮುದುಕಿ ತಿಮ್ಮಿ ಬಂದು ಕೇಳಿಕೊಂಡಿದ್ದಳು, ಅದೊಂದನ್ನು ಹಗ್ಗ ಕಟ್ಟಿ ಕೈಯಿಂದಲೇ ಇಳಿಸಿ ಎಂದು. ಮೇಸ್ತ್ರಿ ನಕ್ಕ. ಉದ್ಘಾಟನೆಯ ತಾರೀಕು ಹತ್ತಿರ ಬಂದಿತ್ತು, ಜೇಸಿಬಿ ಹಚ್ಚಿದ. ಕಲ್ಲು ಎರಡು ಹೋಳಾಯಿತು. ತಪ್ಪು ಒಪ್ಪಿಕೊಳ್ಳುವ ಗಂಡಸೇ ಅವನು? ಹೋಳುಗಳನ್ನು ಮಡುವಿಗೆ ನೂಕಿ, ಅದರ ಜಾಗಕ್ಕೆ ಸಿಮೆಂಟಿನ ಕಲ್ಲು ಎರಕ ಹೊಯ್ದ. ಹಸಿಯಿರುವಾಗಲೇ ತನ್ನ ಬಲಗೈ ಒತ್ತಿದ. ಯಾರಿಗೂ ಗೊತ್ತಾಗಲಿಲ್ಲ.

ಬೈಕು ಕೈಕೊಟ್ಟ ಆ ರಾತ್ರಿ ಸೇತುವೆಗೆ ಕಾಲಿಟ್ಟನೋ ಇಲ್ಲವೋ, ಕೆಳಗೆ ಮಡುವಿನಿಂದ ಉಳಿಯ ಸದ್ದು. ಟಣ್... ಟಣ್... ಟಣ್. ನಿಂತರೆ ನಿಲ್ಲುತ್ತಿತ್ತು. ನಡೆದರೆ ಮತ್ತೆ ಟಣ್.

ನಡುಗಲ್ಲಿನ ಹತ್ತಿರ ಬಂದ. ಹಾಳು ರೂಢಿ... ಕೈ ತಾನಾಗಿ ಅಚ್ಚಿಗೆ ಹೋಯಿತು.

ಅಲ್ಲಿ ಆಗಲೇ ಒಂದು ಕೈ ಇತ್ತು. ತಣ್ಣಗೆ, ಒರಟಾಗಿ. ಅವನ ಕೈ ಹಿಡಿಯಿತು.

"ಯಾರ ಕೈಯೋ ಇದು?" ಕಿವಿಯ ಪಕ್ಕದಲ್ಲೇ ಪಿಸುದನಿ.

"ನಂದು... ತಪ್ಪಾತು. ಬಿಡಪಾ. ಈ ಕೈಲೆ ದುಡದು ತಿನ್ನಾಂವ ನಾ."

"ನಾನೂ ಕೈಲೆ ದುಡದು ತಿಂತಿದ್ದೆ. ನನ್ನ ಜಾಗಾದಾಗ ನಿನ್ನ ಕೈ ಇಟ್ಟಿ. ಇರ್ಲಿ. ನಿನ್ನ ಜಾಗಾದಾಗ ನಂದು ಇರ್ತೈತಿ."

ಬೆಳಗಿನ ಜಾವ ದನ ಹೊಡೆದುಕೊಂಡು ಬಂದ ತಿಮ್ಮಿಗೆ ಅವನು ಅಲ್ಲೇ ಬಿದ್ದಿದ್ದು ಕಂಡಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳು ನೀರು ಕುಡಿಸಿದಳು.

ಅವತ್ತಿನಿಂದ ಮೇಸ್ತ್ರಿಯ ಬಲಗೈ ಕರಣೆ ಹಿಡಿದಿಲ್ಲ. ಹುಬ್ಬಳ್ಳಿ ಡಾಕ್ಟರು ನರದ ತೊಂದರೆ ಎಂದರಂತೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತೇನೆ ನಾನು.

ಸುಳ್ಳೆನ್ನುವವರು ಎನ್ನಲಿ. ಮೊನ್ನೆ ನಮ್ಮ ಮನೆಗೇ ಬಂದಿದ್ದ. ಎಡಗೈಯಲ್ಲಿ ಚಹಾ ಕುಡಿದ. ಎದ್ದು ಹೋಗುವಾಗ ಟವೆಲ್ಲು ಸುತ್ತಿದ್ದ ಬಲಗೈ ಬಾಗಿಲಿನ ಕಬ್ಬಿಣದ ಚಿಲಕಕ್ಕೆ ತಾಗಿತು.

ಟಣ್ ಅಂದಿತು, ಕಲ್ಲಿಗೆ ಉಳಿ ಬಿದ್ದ ಹಾಗೆ. ಈ ಎರಡು ಕಿವಿಯಲ್ಲಿ ಕೇಳಿದ್ದೇನೆ.