ತಮ್ಮನ ಹೆಸರಿನ ಟೆಂಪೋ

ಕೋರ್ಟಿನ ಲೆಕ್ಕದಲ್ಲಿ ಪ್ರಸಾದನಿಗೆ ಗಳಿಕೆಯೇ ಇರಲಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಕೂತು, ಅದನ್ನು ಅವನೇ ಗೆಳೆಯ ಆಸೀಫನಿಗೆ ನಗುತ್ತ ಹೇಳುತ್ತಿದ್ದ.

“ಮಗಳ ಖರ್ಚಿಗೆ ಕೊಡು ಅಂತ ಬಿಟ್ಟ ಹೇಂತಿ ಕೇಸ್ ಹಾಕಿದ್ಲು. ಟೆಂಪೋ ತಮ್ಮನ ಹೆಸರಿಗಿ ಮಾಡಿಬಿಟ್ಟೆ. ಏನೂ ಇಲ್ಲದವನ ಕಡಿಂದ ಏನ ಕಸೀತಾರ?”

“ಪೋರಿದು ಕಿವಿ ಮಷಿನ್ ಕೆಟ್ಟಿತ್ತಲ್ಲೋ?”

“ಕೆಟ್ಟು ವರ್ಷ ಆತು. ಮಗಳು ಬೇಕಂತ ಇಟ್ಕೊಂಡಾಕಿ ಆಕಿ. ಆಕಿನ ಮಾಡಿಸ್ಲಿ.”

“ಮತ್ತ ಟೆಂಪೋ ಬಿಟ್ಟು ಬಸ್ಸಿಗೆ ಯಾಕ ಬಂದಿ?”

ಪ್ರಸಾದನ ನಗು ನಿಂತಿತು.

“ತಮ್ಮ ಕೀಲಿ ಕೊಡವಲ್ಲ. ಹೆಸರು ನಂದೈತಿ, ಗಾಡಿನೂ ನಂದ ಅಂತಾನ.”

“ಕೋರ್ಟಿಗೆ ಹೋಗು.”

“ಹೋಗಿ ಏನಂತ ಹೇಳಲಿ, ಹುಚ್ಚಪ್ಯಾಲಿ?”

“ಖರೇ ಹೇಳು. ಮಗಳಿಗೆ ಕೊಡಬಾರದಂತ ಸುಳ್ಳ ಹೇಳಿದ್ದೆ ಅನ್ನು.”

“ಸ್ವಂತ ಅಣ್ಣಗ ಮೋಸ ಮಾಡ್ಯಾನ ನೋಡು. ರಕ್ತಕ್ಕ ಈಗ ಕಿಮ್ಮತ್ತ ಇಲ್ಲ.”

ಆಸೀಫ ಕಿಟಕಿಯ ಹೊರಗೆ ಉಗುಳಿದ.

ಮಚ್ಛೆಯಲ್ಲಿ ಇಬ್ಬರೂ ಇಳಿದರು. ಹೋದದ್ದು ಒಂದು ಟೆಂಪೋ, ಮತ್ತು ಒಂದು ಹುಡುಗಿ ಏನೂ ಕೇಳಿಸದೆ ಕಳೆದ ಒಂದು ವರ್ಷ.